ಜರ್ಮನ್ ಭಾಷೆಯ ಧ್ವನಿ ಮತ್ತು ಪದರಚನೆ: ನಮ್ಮ ಬಾಯಿಗೆ ಯಾವುದು ಸುಲಭ, ಯಾವುದು ಕಷ್ಟ

ನಮ್ಮ ಮನೆಯ ಬೀರುವಿನ ಬಾಗಿಲಿಗೆ ಎರಡು ತಿಂಗಳಿಂದ ಒಂದು ಉದ್ದನೆಯ ಕಾಗದ ಅಂಟಿಕೊಂಡಿದೆ. ಅದರಲ್ಲಿ ಇರುವುದು ಒಂದೇ ಪದ, ಆದರೆ ಈ ತುದಿಯಿಂದ ಆ ತುದಿಯವರೆಗೆ ಇದೆ: ಬ್ಲೂಟ್‌ಡ್ರುಕ್‌ಮೆಸ್‌ಗೆರೇಟ್. ಅಂಟಿಸಿದವಳು ನಮ್ಮ ಆಪಾ, ಅಂದರೆ ಅಕ್ಕ. ಅವಳು ನರ್ಸಿಂಗ್ ಮುಗಿಸಿದ್ದಾಳೆ, ಜರ್ಮನಿಗೆ ಕೆಲಸಕ್ಕೆ ಹೋಗಬೇಕೆಂದು ಭಾಷೆ ಕಲಿಯುತ್ತಿದ್ದಾಳೆ. ಅಲ್ಲಿ ನರ್ಸ್ ಆಗಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ-2 ಹಂತದ ಜರ್ಮನ್ ಬೇಕು. ಅದಕ್ಕಿಂತ ಕೆಳಗಿನ ಹಂತದ ಪರೀಕ್ಷೆಯಲ್ಲೇ, ಕೇಳಿಸಿಕೊಂಡು ಉತ್ತರ ಬರೆಯುವ ಭಾಗದಲ್ಲಿ, ಅವಳು ಕಳೆದ ಬಾರಿ ಸ್ವಲ್ಪದರಲ್ಲಿ ಫೇಲ್ ಆದಳು. ಅಬ್ಬಾ ಏನೂ ಹೇಳಲಿಲ್ಲ, ಮತ್ತೆ ಫೀಸು ಕಟ್ಟಿದರು. ಅಂದಿನಿಂದ ರಾತ್ರಿ ಊಟ ಆದ ಮೇಲೆ ಅವಳು ಜೋರಾಗಿ ಓದುವುದು, ನಾನು ಮೊಬೈಲಿನಲ್ಲಿ ಬರುವ ಜರ್ಮನ್ ಧ್ವನಿಗೆ ಹೋಲಿಸಿ ತಪ್ಪು ಹಿಡಿಯುವುದು ಎಂದು ಗೊತ್ತಾಗಿದೆ. ನಾನು ಕಾಮರ್ಸ್ ವಿದ್ಯಾರ್ಥಿ, ಜರ್ಮನ್ ನನ್ನ ಸಿಲಬಸ್‌ನಲ್ಲಿ ಇಲ್ಲ. ಆದರೂ ತಪ್ಪು ಹಿಡಿಯುತ್ತಾ ಹಿಡಿಯುತ್ತಾ ನನಗೆ ಸ್ವಲ್ಪ ತಿಳಿಯಿತು. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಸೂಚನೆ. ಕನ್ನಡ ಅಕ್ಷರದಲ್ಲಿ ಜರ್ಮನ್ ಬರೆಯಲು ಜ಼, ಫ಼, ಖ಼ ಎಂದು ಕೆಳಗೆ ಚುಕ್ಕೆ ಇಟ್ಟಿದ್ದೇನೆ. ಉರ್ದು ಬಲ್ಲವರು ಇವನ್ನು ಜ಼ೇ, ಫ಼ೇ, ಖ಼ೇ ಎಂದು ಓದಿಕೊಳ್ಳಬಹುದು.

ಬಾಯಿಯ ಕೆಲಸ

ಮೂರನೇ ತರಗತಿಯಲ್ಲಿ ನಾನು ಗಟ್ಟಿಯಾಗಿ ಪಾಠ ಓದುವಾಗ "ನಮ್ಮ ಹಳ್ಳಿ" ಎನ್ನುವ ಬದಲು "ನಮ್ಮ ಹಲ್ಲಿ" ಎಂದೆ. ಇಡೀ ಕ್ಲಾಸು ನಕ್ಕಿತು. ನಮ್ಮ ಮನೆಮಾತಿನಲ್ಲಿ ಳ ಇಲ್ಲ, ಹಾಗಾಗಿ ನನ್ನ ಕಿವಿಗೆ ಆಗ ಎರಡೂ ಒಂದೇ ಆಗಿ ಕೇಳಿಸುತ್ತಿದ್ದವು. ಒಂದೇ ಒಂದು ಧ್ವನಿ ಬದಲಾದರೆ ಊರು ಹೋಗಿ ಗೋಡೆಯ ಮೇಲಿನ ಪ್ರಾಣಿ ಬರುತ್ತದೆ. ಹೀಗೆ ಅರ್ಥವನ್ನೇ ಬದಲಾಯಿಸುವ ಧ್ವನಿಗೆ ಭಾಷಾಶಾಸ್ತ್ರದಲ್ಲಿ ಧ್ವನಿಮಾ ಎನ್ನುತ್ತಾರೆ. ಕನ್ನಡದಲ್ಲಿ ಲ ಮತ್ತು ಳ ಎರಡು ಧ್ವನಿಮಾಗಳು. ಹೊಸ ಭಾಷೆ ಕಲಿಯುವಾಗ ಮೊದಲ ಕೆಲಸವೆಂದರೆ ಆ ಭಾಷೆಯ "ಹಳ್ಳಿ-ಹಲ್ಲಿ" ಯಾವುದು ಎಂದು ಹುಡುಕುವುದು.

ಜರ್ಮನ್‌ನಲ್ಲಿ ಅಂಥವು ಬಹಳ ಇವೆ, ಹೆಚ್ಚಿನವು ಸ್ವರದಲ್ಲಿ. ಒಫ಼ೆನ್ ಎಂದರೆ ತೆರೆದ, ಓಫ಼ೆನ್ ಎಂದರೆ ಒಲೆ. ಬೆಟ್ ಎಂದರೆ ಮಲಗುವ ಮಂಚ, ಬೇಟ್ ಎಂದರೆ ತೋಟದ ಮಡಿ. ಶ್ಟಟ್ ಎಂದರೆ ನಗರ, ಶ್ಟಾಟ್ ಎಂದರೆ ರಾಷ್ಟ್ರ. ಇಲ್ಲಿ ಕನ್ನಡ ಓದಿದವರಿಗೆ ದೊಡ್ಡ ಲಾಭ ಇದೆ. ನಮಗೆ ಕೊಡು ಬೇರೆ, ಕೋಡು ಬೇರೆ. ಉರ್ದುವಿನಲ್ಲಿ ಎ-ಏ, ಒ-ಓ ಎಂದು ಅಕ್ಷರವನ್ನೇ ಬೇರೆ ಮಾಡಿ ಕಲಿಸುವುದಿಲ್ಲ. ಆಪಾಳಿಗೆ ಒಫ಼ೆನ್-ಓಫ಼ೆನ್ ಎರಡೇ ದಿನಕ್ಕೆ ಬಂತು. ಅದಕ್ಕೆ ಕಾರಣ ಅವಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದು ಎಂದು ನನ್ನ ಅಭಿಪ್ರಾಯ.

ಬರವಣಿಗೆಯಲ್ಲಿ ಹ್ರಸ್ವ ದೀರ್ಘ ಗುರುತಿಸಲು ಜರ್ಮನ್ನರು ಒಂದು ಉಪಾಯ ಇಟ್ಟುಕೊಂಡಿದ್ದಾರೆ. ಒಂದೇ ವ್ಯಂಜನವನ್ನು ಎರಡು ಸಲ ಬರೆದರೆ ಅದರ ಹಿಂದಿನ ಸ್ವರ ಹ್ರಸ್ವ. ಒಫ಼ೆನ್ ಪದದಲ್ಲಿ ಎಫ್ ಎರಡು ಸಲ ಇದೆ, ಓಫ಼ೆನ್‌ನಲ್ಲಿ ಒಂದು ಸಲ. ಆದರೆ ಎರಡು ಬರೆದರೂ ಉಚ್ಚಾರ ಒಂದೇ. ನಾವು ದ್ವಿತ್ವ ಕಂಡ ಕೂಡಲೇ ಅಮ್ಮ, ಹಳ್ಳಿ ಎನ್ನುವ ಹಾಗೆ ಒತ್ತಿ ಹೇಳುತ್ತೇವೆ, ಇಲ್ಲಿ ಹಾಗೆ ಮಾಡಬಾರದು. ತಾಯಿ ಎಂಬ ಪದವನ್ನು ಎರಡು ಟಿ ಹಾಕಿ ಬರೆದು ಮುಟರ್ ಎನ್ನುತ್ತಾರೆ, ಮುಟ್ಟರ್ ಅಲ್ಲ.

ಇನ್ನು ಉರ್ದು ಮನೆಯವರ ಲಾಭ. ಜರ್ಮನ್‌ನಲ್ಲಿ ಡಬ್ಲ್ಯು ಅಕ್ಷರ ಇದ್ದರೆ ವ, ವಿ ಅಕ್ಷರ ಇದ್ದರೆ ಬಹುತೇಕ ಫ಼. ಸ್ವರದ ಮುಂಚೆ ಬರುವ ಎಸ್ ಅಕ್ಷರ ಜ಼ ಆಗುತ್ತದೆ. ಝಡ್ ಅಕ್ಷರ ತ್ಸ ಆಗುತ್ತದೆ. ಹಾಗಾಗಿ ರಸ್ತೆಯಲ್ಲಿ ನೋಡುವ ಫೋಕ್ಸ್‌ವ್ಯಾಗನ್ ಕಾರನ್ನು ಅವರು ಫ಼ೊಲ್ಕ್ಸ್‌ವಾಗೆನ್ ಎನ್ನುತ್ತಾರೆ, ಸೀಮೆನ್ಸ್ ಕಂಪನಿಯನ್ನು ಜ಼ೀಮೆನ್ಸ್, ಬೆಂಜ್ ಅನ್ನು ಬೆಂತ್ಸ್. ನನ್ನ ಪಕ್ಕದಲ್ಲಿ ಕೂರುವ ಗೆಳೆಯ ಜ಼ೀಮೆನ್ಸ್ ಅನ್ನು ಎಷ್ಟು ಹೇಳಿಕೊಟ್ಟರೂ ಜೀಮೆನ್ಸ್ ಎನ್ನುತ್ತಾನೆ. ಅವನ ಳ ಚೆನ್ನಾಗಿದೆ, ನನ್ನ ಜ಼ ಚೆನ್ನಾಗಿದೆ. ಲೆಕ್ಕ ಸಮ ಆಯಿತು.

ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಖ಼. ರಾತ್ರಿಗೆ ನಖ಼್ಟ್, ಪುಸ್ತಕಕ್ಕೆ ಬೂಖ಼್, ಕೂಡ ಎನ್ನಲು ಔಖ಼್. ಇದು ನಮ್ಮ ಖ಼ೇ ಅಕ್ಷರವೇ. ನಮ್ಮ ದಖನಿ ಉರ್ದು ಮಾತನಾಡುವವರು ಕಲಮ್ ಎನ್ನುವಲ್ಲಿ ಖ಼ಲಮ್ ಎನ್ನುತ್ತೇವೆ, ಕಾಫ಼್ ಬರಬೇಕಾದ ಕಡೆಯಲ್ಲೆಲ್ಲ ಖ಼ೇ ಹಾಕುತ್ತೇವೆ. ಉತ್ತರದ ಕಡೆಯವರು ಇದಕ್ಕಾಗಿ ನಮ್ಮನ್ನು ತಮಾಷೆ ಮಾಡುತ್ತಾರೆ. ಆದರೆ ದಿನಕ್ಕೆ ನೂರು ಸಲ ಖ಼ ಹೇಳುವ ಬಾಯಿಗೆ ನಖ಼್ಟ್ ಕಲಿಸಬೇಕಾಗಿಲ್ಲ. ಹಾಗೆಯೇ ಜರ್ಮನ್ ರ ನಮ್ಮ ರ ಅಲ್ಲ. ನಮ್ಮದು ನಾಲಿಗೆಯ ತುದಿಯಿಂದ, ಅವರದು ಗಂಟಲಿನ ಕಡೆಯಿಂದ, ಗ಼ೈನ್ ಅಕ್ಷರಕ್ಕೆ ಬಹಳ ಹತ್ತಿರ. ಪದದ ಕೊನೆಯಲ್ಲಂತೂ ರ ಕರಗಿ ಅ ಆಗಿಬಿಡುತ್ತದೆ, ಮುಟರ್ ಎಂಬುದು ಮುಟಅ ಎಂದು ಕೇಳಿಸುತ್ತದೆ.

ಈ ಖ಼ಗೆ ಒಂದು ಷರತ್ತು ಇದೆ. ಅ, ಒ, ಉ, ಔ ಸ್ವರಗಳ ನಂತರ ಮಾತ್ರ ಖ಼. ಇ, ಎ ಮೊದಲಾದ ಮುಂದಿನ ಸ್ವರಗಳ ನಂತರ ಅದೇ ಎರಡಕ್ಷರ, ಸಿ ಮತ್ತು ಹೆಚ್, ಬೇರೆ ಧ್ವನಿ ಆಗುತ್ತದೆ. "ನಾನು" ಎಂಬ ಪದದಲ್ಲೇ ಅದು ಇದೆ. ಇಖ಼್ ಎಂದರೆ ತಪ್ಪು, ಇಷ್ ಎಂದರೂ ತಪ್ಪು. ಯ ಹೇಳಲು ನಾಲಿಗೆಯನ್ನು ಮೇಲೆತ್ತಿ ಇಟ್ಟುಕೊಂಡು, ಗಂಟಲು ಅಲುಗಿಸದೆ ಬರೀ ಉಸಿರು ಬಿಡಬೇಕು. ಕನ್ನಡದಲ್ಲಿ ಇಹ್ಯ್ ಎಂದು ಬರೆಯಬಹುದು, ಅದು ಹತ್ತಿರ ಬರುತ್ತದೆ. ಬರ್ಲಿನ್‌ನ ಹಳೆಯ ಜನ ಇದನ್ನು ಇಕ್ ಎನ್ನುತ್ತಾರಂತೆ, ರೈನ್ ನದಿಯ ಕಡೆಯವರು ಇಷ್ ಎನ್ನುತ್ತಾರಂತೆ. ಅವರು ಅಲ್ಲಿ ಹುಟ್ಟಿದವರು, ಅವರಿಗೆ ಪರೀಕ್ಷೆ ಇಲ್ಲ.

ಇಂಥ ಧ್ವನಿ ಕಲಿಯುವ ವಿದ್ಯೆ ನಮಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಮಕ್ತಬ್‌ನಲ್ಲಿ ಕಾಯಿದಾ ಓದುವಾಗ ಉಸ್ತಾದರು ಪ್ರತಿ ಅಕ್ಷರಕ್ಕೂ ಅದರ ಮಖ್ರಜ್ ಹೇಳಿಕೊಡುತ್ತಿದ್ದರು. ಮಖ್ರಜ್ ಎಂದರೆ ಆ ಧ್ವನಿ ಹೊರಡುವ ಜಾಗ. ಇದು ಗಂಟಲಿನ ಬುಡ, ಇದು ಗಂಟಲಿನ ಮೇಲ್ಭಾಗ, ಇದು ಹಲ್ಲಿನ ಹಿಂದೆ. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು ಓದಿದ್ದೂ ಅದನ್ನೇ. ಆಪಾಳಿಗೆ ನಾನು ಹೇಳಿದ್ದು ಇಷ್ಟೇ: "ನಖ಼್ಟ್‌ನಲ್ಲಿ ಇರುವುದು ಗಂಟಲಿನದು, ಇಹ್ಯ್‌ನಲ್ಲಿ ಇರುವುದು ತಾಲವ್ಯ." ಅವಳು ಮರುಕ್ಷಣ ಸರಿಯಾಗಿ ಹೇಳಿದಳು. ಅದಕ್ಕೆ ಮುಂಚೆ ಒಂದು ವಾರ ವಿಡಿಯೋ ನೋಡಿ ನೋಡಿ ಆಗಿರಲಿಲ್ಲ.

ಹಮ್ಜ಼ಾ ಕೂಡ ಕೆಲಸಕ್ಕೆ ಬಂತು. ಕನ್ನಡದಲ್ಲಿ ಎರಡು ಸ್ವರ ಎದುರಾದರೆ ಸಂಧಿ ಮಾಡುತ್ತೇವೆ. ಮನೆ ಮತ್ತು ಅಲ್ಲಿ ಸೇರಿ ಮನೆಯಲ್ಲಿ ಆಗುತ್ತದೆ, ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುತ್ತದೆ. ಜರ್ಮನ್‌ನಲ್ಲಿ ಇದಕ್ಕೆ ಪೂರ್ತಿ ವಿರುದ್ಧ. ಸ್ವರದಿಂದ ಶುರುವಾಗುವ ಭಾಗದ ಮುಂಚೆ ಗಂಟಲನ್ನು ಒಂದು ಕ್ಷಣ ಮುಚ್ಚಿ ತೆರೆಯುತ್ತಾರೆ. ಹಲ್ಲಿನ ಡಾಕ್ಟರಿಗೆ ತ್ಸಾನ್ ಮತ್ತು ಆರ್ತ್ಸ್ಟ್ ಸೇರಿದ ಪದ ಇದೆ. ಅದನ್ನು ತ್ಸಾನಾರ್ತ್ಸ್ಟ್ ಎಂದು ಹರಿಸಿಬಿಟ್ಟರೆ ಕೇಳುವವರಿಗೆ ತೊಡಕಾಗುತ್ತದೆ. ತ್ಸಾನ್, ಒಂದು ಹಮ್ಜ಼ಾ, ಆಮೇಲೆ ಆರ್ತ್ಸ್ಟ್.

ಆರ್ತ್ಸ್ಟ್ ಎಂದು ಬರೆಯುವಾಗ ನನ್ನ ಪೆನ್ನೇ ತಡೆಯುತ್ತದೆ. ವ್ಯಂಜನಗಳ ಈ ಗುಂಪು ನಮಗೆಲ್ಲರಿಗೂ ಕಷ್ಟ. ಕನ್ನಡಿಗರು ಕೊನೆಗೆ ಉ ಸೇರಿಸಿ ಬಸ್ಸು, ಕಾರು, ಸ್ಕೂಲು ಎನ್ನುತ್ತಾರೆ. ನಮ್ಮ ದಾದಿ ಮುಂದೆ ಇ ಸೇರಿಸಿ ಇಸ್ಕೂಲ್, ಇಸ್ಟೇಷನ್ ಎನ್ನುತ್ತಾರೆ. ಜರ್ಮನ್ ಈ ಎರಡು ಸಹಾಯವನ್ನೂ ಒಪ್ಪುವುದಿಲ್ಲ. ಇನ್ನೊಂದು ಮಾತು: ಪದದ ಕೊನೆಯ ಗ, ಡ, ಬ ಗಟ್ಟಿಯಾಗಿ ಕ, ಟ, ಪ ಆಗುತ್ತವೆ. ದಿನ ಎಂಬುದಕ್ಕೆ ಜಿ ಅಕ್ಷರ ಬರೆದು ಟಾಕ್ ಎನ್ನುತ್ತಾರೆ. ಬಹುವಚನದಲ್ಲಿ ಮುಂದೆ ಸ್ವರ ಬಂದ ಕೂಡಲೇ ಗ ವಾಪಸ್ ಬರುತ್ತದೆ, ಟಾಗೆ. ರಾಟ್ ಎಂದು ಕೇಳಿಸಿದರೆ ಅದು ಡಿ ಇರುವ ಚಕ್ರವೋ ಟಿ ಇರುವ ಸಲಹೆಯೋ ಎಂದು ಕಿವಿಯಿಂದ ಹೇಳಲು ಆಗುವುದಿಲ್ಲ, ಮಾತಿನ ಸಂದರ್ಭದಿಂದಲೇ ತಿಳಿಯಬೇಕು.

ಯಾರ ಮನೆಯಲ್ಲೂ ಇಲ್ಲದ ಧ್ವನಿಗಳು ಮುಖ್ಯವಾಗಿ ಎರಡು. ಯು ಮತ್ತು ಓ ಅಕ್ಷರಗಳ ಮೇಲೆ ಎರಡು ಚುಕ್ಕೆ ಇಟ್ಟು ಬರೆಯುತ್ತಾರೆ, ಇದಕ್ಕೆ ಉಮ್‌ಲೌಟ್ ಎಂದು ಹೆಸರು. ತುಟಿಯನ್ನು ಊ ಹೇಳುವ ಹಾಗೆ ಗುಂಡಗೆ ಮಾಡಿ, ಒಳಗೆ ನಾಲಿಗೆಯಲ್ಲಿ ಈ ಹೇಳಿ. ಬಂದದ್ದೇ ಮೊದಲನೆಯದು. ತುಟಿ ಓ, ನಾಲಿಗೆ ಏ ಆದರೆ ಎರಡನೆಯದು. ಕನ್ನಡದಲ್ಲಿ ಬೇರೆ ದಾರಿ ಇಲ್ಲದೆ ಯ ಒತ್ತು ಹಾಕಿ ತೋರಿಸುತ್ತೇನೆ, ಯ ಮಾತ್ರ ಹೇಳಬೇಡಿ. ಶೋನ್ ಎಂದರೆ ಆಗಲೇ, ಶ್ಯೋನ್ ಎಂದರೆ ಸುಂದರ. ಡ್ರುಕೆನ್ ಎಂದರೆ ಮುದ್ರಿಸು, ಡ್ರ್ಯುಕೆನ್ ಎಂದರೆ ಒತ್ತು. ರೋಗಿಗೆ "ಇಲ್ಲಿ ಒತ್ತಿ ಹಿಡಿಯಿರಿ" ಎನ್ನಬೇಕಾದ ನರ್ಸ್ "ಇಲ್ಲಿ ಮುದ್ರಿಸಿರಿ" ಎಂದರೆ ಹೇಗಿರುತ್ತದೆ ನೋಡಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದ ಹೆಸರಿನಲ್ಲಿರುವ ಮುಲ್ಲರ್‌ಗೂ ಆ ಎರಡು ಚುಕ್ಕೆ ಇದೆ. ನಾವೆಲ್ಲ ಇಷ್ಟು ವರ್ಷ ಅವರ ಹೆಸರನ್ನು ತಪ್ಪಾಗಿಯೇ ಹೇಳುತ್ತಾ ಬಂದಿದ್ದೇವೆ.

ಈ ಚುಕ್ಕೆಗಳು ಬಹುವಚನವನ್ನೂ ಮಾಡುತ್ತವೆ. ಮುಟರ್ ಒಬ್ಬ ತಾಯಿ, ಮ್ಯುಟರ್ ಹಲವು ತಾಯಂದಿರು. ಹಿಂದೆ ಮುಂದೆ ಏನೂ ಸೇರಲಿಲ್ಲ, ಒಳಗಿನ ಸ್ವರ ಬದಲಾಯಿತು. ನಮಗೆ ಅರಬ್ಬಿಯ ಕಿತಾಬ್-ಕುತುಬ್, ಮಸ್ಜಿದ್-ಮಸಾಜಿದ್ ನೆನಪಾಗುತ್ತದೆ. ಆದರೆ ಕಾರಣ ಬೇರೆ. ಅತಿಥಿ ಎಂಬುದಕ್ಕೆ ಜರ್ಮನ್‌ನಲ್ಲಿ ಗಸ್ಟ್, ಬಹುವಚನ ಗೆಸ್ಟೆ. ಸಾವಿರ ವರ್ಷಕ್ಕೂ ಹಿಂದೆ ಈ ಬಹುವಚನ ಗೆಸ್ಟಿ ಎಂದು ಇಕಾರದಲ್ಲಿ ಕೊನೆಯಾಗುತ್ತಿತ್ತು. ಮುಂದೆ ಇ ಬರಲಿದೆ ಎಂದು ನಾಲಿಗೆ ಮೊದಲೇ ತಯಾರಾಗಿ ಅಕಾರವನ್ನು ಎಕಾರ ಮಾಡಿತು. ಆಮೇಲೆ ಆ ಇ ಸವೆದುಹೋಯಿತು, ಅದು ಮಾಡಿದ ಬದಲಾವಣೆ ಉಳಿಯಿತು. ಪುಸ್ತಕದ ಬಹುವಚನದಲ್ಲಿ ಇನ್ನೊಂದು ಮಜಾ ಇದೆ. ಬೂಖ಼್ ಹೋಗಿ ಬ್ಯೂಹ್ಯರ್ ಆಗುತ್ತದೆ. ಸ್ವರ ಮುಂದಕ್ಕೆ ಬಂದ ಕೂಡಲೇ ಖ಼ ಕೂಡ ತಾಲವ್ಯ ಆಯಿತು. ಮೇಲೆ ಹೇಳಿದ ಎರಡು ನಿಯಮ ಒಂದೇ ಪದದಲ್ಲಿ.

ಆಪಾ ಒಂದು ರಾತ್ರಿ ಪುಸ್ತಕ ಮುಚ್ಚಿ, "ಈ ಧ್ವನಿ ಹುಟ್ಟಿನಿಂದ ಬರಬೇಕು, ನಮಗಾಗಲ್ಲ" ಎಂದಳು. ನಾನು ಕಿಟ್ಟೆಲ್ ಕಥೆ ಹೇಳಿದೆ. ಫರ್ಡಿನೆಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ ಜರ್ಮನಿಯಲ್ಲಿ. ಬಾಸೆಲ್ ಮಿಷನ್‌ನಿಂದ ಇಲ್ಲಿಗೆ ಬಂದದ್ದು 1853ರಲ್ಲಿ. ಅವರ ಭಾಷೆಯಲ್ಲಿ ಳ ಇಲ್ಲ, ಣ ಇಲ್ಲ, ತ ಮತ್ತು ಟ ಬೇರೆ ಬೇರೆ ಅಲ್ಲ. ಅಂಥವರು ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದರು, ಅದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆಪಾ ಕೇಳಿಸಿಕೊಂಡು, "ಅವರಿಗೆ ನಲವತ್ತು ವರ್ಷ ಇತ್ತು, ನನಗೆ ನಾಲ್ಕು ತಿಂಗಳು" ಎಂದಳು. ಆದರೆ ಪುಸ್ತಕ ಮತ್ತೆ ತೆರೆದಳು.

ಪದ ಬಿಡಿಸುವುದು

ಈಗ ಬೀರುವಿನ ಪದಕ್ಕೆ ಬರೋಣ. ಬ್ಲೂಟ್ ಎಂದರೆ ರಕ್ತ. ಡ್ರುಕ್ ಎಂದರೆ ಒತ್ತಡ. ಮೆಸ್ ಎಂದರೆ ಅಳೆಯುವುದು. ಗೆರೇಟ್ ಎಂದರೆ ಉಪಕರಣ. ರಕ್ತದೊತ್ತಡ ಅಳೆಯುವ ಉಪಕರಣ, ಅಂದರೆ ನಾವು ದಿನಾ ಹೇಳುವ ಬಿಪಿ ಮಿಷನ್. ಹೆದರಿಸುವ ಪದ ನಾಲ್ಕು ಸಣ್ಣ ಪದಗಳಾಗಿ ಬಿಡಿಸಿಕೊಂಡಿತು. ಅರ್ಥ ಇರುವ ಇಂಥ ಚಿಕ್ಕ ತುಂಡಿಗೆ ಆಕೃತಿಮಾ ಎನ್ನುತ್ತಾರೆ. ಕನ್ನಡದಲ್ಲಿ ಕೂಡ ರಕ್ತದ, ಒತ್ತಡ ಎರಡನ್ನು ಸೇರಿಸಿ ರಕ್ತದೊತ್ತಡ ಎಂದು ಒಂದೇ ಪದವಾಗಿ ಬರೆಯುತ್ತೇವೆ, ಕ್ರಮವೂ ಅದೇ.

ಕ್ರಮವೇ ಇಲ್ಲಿ ಮುಖ್ಯ. ಜರ್ಮನ್ ಸಮಾಸದಲ್ಲಿ ಕೊನೆಯ ಪದವೇ ಯಜಮಾನ. ನಮ್ಮ ತತ್ಪುರುಷ ಸಮಾಸದಲ್ಲಿ ಉತ್ತರಪದ ಪ್ರಧಾನ ಎಂದು ಓದಿದ್ದೇವಲ್ಲ, ಹಾಗೆ. ಹೌಸ್ ಎಂದರೆ ಮನೆ, ಕೌಫ಼್ ಎಂದರೆ ಕೊಳ್ಳುವುದು. ಕೌಫ಼್‌ಹೌಸ್ ಎಂದರೆ ದೊಡ್ಡ ಅಂಗಡಿ, ಹೌಸ್‌ಕೌಫ಼್ ಎಂದರೆ ಮನೆ ಖರೀದಿ. ಪದದ ಲಿಂಗವನ್ನು ತೀರ್ಮಾನಿಸುವುದೂ ಕೊನೆಯ ಭಾಗವೇ. ಹೌಸ್ ನಪುಂಸಕಲಿಂಗ, ಆದ್ದರಿಂದ ಕೌಫ಼್‌ಹೌಸ್ ಕೂಡ ನಪುಂಸಕ. ಕೌಫ಼್ ಪುಲ್ಲಿಂಗ, ಆದ್ದರಿಂದ ಹೌಸ್‌ಕೌಫ಼್ ಪುಲ್ಲಿಂಗ. ಆದ ಕಾರಣ ಉದ್ದ ಪದ ಕಂಡರೆ ಬಾಲದಿಂದ ಓದಬೇಕು.

ಧ್ವನಿಯಲ್ಲಿ ಸಹಾಯ ಮಾಡಿದ ಉರ್ದು ಇಲ್ಲಿ ದಾರಿ ತಪ್ಪಿಸಬಹುದು. ತಲೆನೋವಿಗೆ ಪುಸ್ತಕದ ಉರ್ದುವಿನಲ್ಲಿ ದರ್ದೆ ಸರ್ ಎನ್ನುತ್ತೇವೆ, ನೋವು ಮೊದಲು, ತಲೆ ಆಮೇಲೆ. ಜರ್ಮನ್‌ನಲ್ಲಿ ಕೊಪ್ಫ಼್‌ಶ್ಮೆರ್ತ್ಸೆನ್, ತಲೆ ಮೊದಲು, ನೋವು ಆಮೇಲೆ. ಕನ್ನಡದ ತಲೆನೋವನ್ನು ಇಟ್ಟುಕೊಂಡರೆ ತಪ್ಪುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಒಪ್ಪಂದ ಆಗಿದೆ: ಧ್ವನಿಗೆ ಉರ್ದು, ಪದಕ್ಕೆ ಕನ್ನಡ.

ಸೇರಿಸುವ ಜಾಗದಲ್ಲಿ ಕೆಲವೊಮ್ಮೆ ಸ್ವಲ್ಪ ಅಂಟು ಬೇಕು. ನಾವು ಮಳೆ ಮತ್ತು ಕಾಲ ಸೇರಿಸಿ ಮಳೆಗಾಲ ಎಂದು ಕಕಾರವನ್ನೇ ಬದಲಾಯಿಸುತ್ತೇವೆ. ಅವರು ಬದಲಾಯಿಸುವುದಿಲ್ಲ, ನಡುವೆ ಸ್ ಅಥವಾ ನ್ ಹಾಕುತ್ತಾರೆ. ಜನರ ವಾಹನ ಎಂಬ ಅರ್ಥದ ಫ಼ೊಲ್ಕ್-ಸ್-ವಾಗೆನ್‌ನಲ್ಲಿ ನಡುವಿನ ಸ್ ಅಂಥದ್ದು. ರೋಗಿಗಳ ಮನೆ ಕ್ರಾಂಕೆನ್‌ಹೌಸ್, ಅಂದರೆ ಆಸ್ಪತ್ರೆ. ರೋಗಿಗಳ ವಾಹನ ಕ್ರಾಂಕೆನ್‌ವಾಗೆನ್, ಅಂದರೆ ಆಂಬುಲೆನ್ಸ್. ರೋಗಿಗಳ ಅಕ್ಕತಂಗಿ ಎಂಬ ಅರ್ಥದ ಕ್ರಾಂಕೆನ್‌ಶ್ವೆಸ್ಟರ್ ಎಂದರೆ ನರ್ಸ್.

ಕಾಮರ್ಸ್ ಗೆಳೆಯರಿಗೂ ಸ್ವಲ್ಪ ಇದೆ. ಬೂಖ಼್‌ಹಾಲ್ಟುಂಗ್ ಎಂದರೆ ಪುಸ್ತಕ ಇಟ್ಟುಕೊಳ್ಳುವುದು, ನಮ್ಮ ಬುಕ್‌ಕೀಪಿಂಗ್. ಟಿ ಆಕಾರದ ಖಾತೆಯ ಎಡಗಡೆ ನಾವು ಡೆಬಿಟ್ ಬರೆಯುವಲ್ಲಿ ಅವರು ಜ಼ೊಲ್ ಎಂದು ಬರೆಯುತ್ತಾರೆ, ಬೇಕು ಎಂಬ ಅರ್ಥ. ಬಲಗಡೆ ಹಾಬೆನ್, ಇದೆ ಎಂಬ ಅರ್ಥ. ನಮ್ಮ ಅಂಗಡಿಯವರ ಜಮಾ-ಖರ್ಚಿನಲ್ಲಿ ಖರ್ಚು ಅರಬ್ಬಿಯ ಹೊರಗೆ ಹೋಗು ಎಂಬ ಧಾತುವಿನಿಂದ ಬಂದದ್ದು, ಮಖ್ರಜ್ ಕೂಡ ಅದೇ ಧಾತುವಿನಿಂದ. ದುಡ್ಡು ಹೊರಗೆ ಹೋದರೆ ಖರ್ಚು, ಧ್ವನಿ ಹೊರಗೆ ಹೋಗುವ ಜಾಗ ಮಖ್ರಜ್.

ಉದ್ದ ಪದಕ್ಕೆ ಹೆಸರಾದ ಒಂದು ಕಂಪನಿ 1829ರಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ಶುರುವಾಯಿತು. ಡೊನೌ ಎಂದರೆ ಡ್ಯಾನ್ಯೂಬ್ ನದಿ, ದಂಪ್ಫ಼್ ಎಂದರೆ ಹಬೆ, ಶಿಫ಼್ ಎಂದರೆ ಹಡಗು, ಫ಼ಾರ್ಟ್ ಎಂದರೆ ಸಂಚಾರ, ಗೆಜ಼ೆಲ್‌ಶಫ಼್ಟ್ ಎಂದರೆ ಕಂಪನಿ. ಎಲ್ಲ ಸೇರಿಸಿ ಒಂದೇ ಉಸಿರಿನಲ್ಲಿ ಹೇಳಿ, ಫ಼ಾರ್ಟ್ ಆದ ಮೇಲೆ ಸ್ ಎಂಬ ಅಂಟು ಮರೆಯಬೇಡಿ. ಕೊನೆಯ ಶಫ಼್ಟ್ ನಮ್ಮ "ತನ" ಇದ್ದ ಹಾಗೆ. ಫ಼್ರಾಯ್ಂಟ್ ಗೆಳೆಯ, ಫ಼್ರಾಯ್ಂಟ್‌ಶಫ಼್ಟ್ ಗೆಳೆತನ. ಶಫ಼್ಟ್‌ನಲ್ಲಿ ಕೊನೆಯಾಗುವ ಇಂಥ ಪದಗಳೆಲ್ಲ ಸ್ತ್ರೀಲಿಂಗ. ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ ಎಂದು ಒಂದೇ ತಟ್ಟೆಯ ಪಕ್ಕದಲ್ಲಿ ಮೂರು ಲಿಂಗ ಇಟ್ಟ ಭಾಷೆಯಲ್ಲಿ ಇಷ್ಟಾದರೂ ನಿಯಮ ಇರುವುದು ಪುಣ್ಯ.

ಸಂಖ್ಯೆ

ಆಪಾ ಕಳೆದ ಬಾರಿ ಅಂಕ ಕಳೆದುಕೊಂಡದ್ದು ಉಮ್‌ಲೌಟ್‌ನಿಂದಲ್ಲ, ಉದ್ದ ಪದದಿಂದಲೂ ಅಲ್ಲ. ಸಂಖ್ಯೆಯಿಂದ. ಜರ್ಮನ್‌ನಲ್ಲಿ 35 ಎಂದರೆ ಫ಼್ಯುನ್ಫ಼್-ಉಂಟ್-ಡ್ರೈಸಿಹ್ಯ್, ಐದು ಮತ್ತು ಮೂವತ್ತು. 53 ಎಂದರೆ ಡ್ರೈ-ಉಂಟ್-ಫ಼್ಯುನ್ಫ಼್ತ್ಸಿಹ್ಯ್, ಮೂರು ಮತ್ತು ಐವತ್ತು. ಕೇಳಿದ ಕ್ರಮದಲ್ಲೇ ಬರೆದುಕೊಂಡು ಹೋದರೆ ಎಲ್ಲ ಉಲ್ಟಾ ಆಗುತ್ತದೆ. ಅವಳು ಫೋನ್ ನಂಬರನ್ನೂ ಬೆಲೆಯನ್ನೂ ಹಾಗೆಯೇ ಉಲ್ಟಾ ಬರೆದಿದ್ದಳು. ಪರೀಕ್ಷೆಯಲ್ಲಿ ಹೋಗುವುದು ಅಂಕ. ವಾರ್ಡಿನಲ್ಲಿ ಡಾಕ್ಟರ್ 35 ಮಿಲಿಲೀಟರ್ ಎಂದಾಗ 53 ಎಂದು ಬರೆದರೆ ಹೋಗುವುದು ಅಂಕ ಅಲ್ಲ. ಇದನ್ನು ಹೇಳುವಾಗ ಅವಳ ಮುಖ ನೋಡಿ ನಾನು ತಮಾಷೆ ಮಾಡುವುದನ್ನು ನಿಲ್ಲಿಸಿದೆ.

ಅರಬ್ಬಿಯಲ್ಲೂ ಹೀಗೆಯೇ, ಖಮ್ಸಾ ವ ಸಲಾಸೂನ್, ಐದು ಮತ್ತು ಮೂವತ್ತು. ಉರ್ದುವಿನ ಪೈಂತೀಸ್‌ನಲ್ಲೂ ಐದು ಮೊದಲು, ಮೂವತ್ತು ಆಮೇಲೆ. ಆದರೆ ಪೈಂತೀಸ್ ಎಷ್ಟು ಸವೆದು ಒಂದಾಗಿದೆ ಎಂದರೆ ಹೇಳುವ ನಮಗೇ ಒಳಗಿನ ಐದು ಕೇಳಿಸುವುದಿಲ್ಲ. ಲೆಕ್ಕವನ್ನು ನಾವು ಶಾಲೆಯಲ್ಲಿ ಕಲಿತದ್ದು ಮೂವತ್ತೈದು ಎಂದು, ಹತ್ತರ ಸ್ಥಾನ ಮೊದಲು. ನೂರು ದಾಟಿದರೆ ಇನ್ನೂ ಗೋಜಲು: 135 ಎನ್ನಲು ನೂರು ಮೊದಲು, ಆಮೇಲೆ ಐದು, ಕೊನೆಗೆ ಮೂವತ್ತು.

ಆಪಾ ತಾನೇ ಒಂದು ಉಪಾಯ ಮಾಡಿಕೊಂಡಿದ್ದಾಳೆ. ಫ಼್ಯುನ್ಫ಼್-ಉಂಟ್ ಎಂದು ಕೇಳಿದ ಕೂಡಲೇ ಎಡಗಡೆ ಒಂದು ಅಂಕಿಯಷ್ಟು ಜಾಗ ಬಿಟ್ಟು 5 ಬರೆಯುತ್ತಾಳೆ. ಡ್ರೈಸಿಹ್ಯ್ ಕೇಳಿದ ಮೇಲೆ ಹಿಂದಕ್ಕೆ ಬಂದು ಬಿಟ್ಟ ಜಾಗದಲ್ಲಿ 3 ತುಂಬುತ್ತಾಳೆ. ಪರೀಕ್ಷೆ ಮುಂದಿನ ತಿಂಗಳು. ಈಗ ದಿನವೂ ನಾನು ಹತ್ತು ಸಂಖ್ಯೆ ಓದುತ್ತೇನೆ, ಅವಳು ಬರೆಯುತ್ತಾಳೆ. ನಿನ್ನೆ ಎಂಟು ಸರಿ, ಎರಡು ತಪ್ಪು. ಆ ಎರಡರಲ್ಲಿ ಒಂದನ್ನು ನಾನೇ ತಪ್ಪಾಗಿ ಓದಿದ್ದೆ.